ಬಲೂನು ಬಾರದ ಮೊದಲ ವರ್ಷ

ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂತ ಕೇಳಿದಾಗ ನಾನು ಮೊದಲು ಬೈದೆ. ಬೈಯೋದು ನನ್ನ ಹುಟ್ಟುಗುಣ. ದುದ್ದದ ಕಡೆಯವನು, ಮಂಡ್ಯದಲ್ಲಿ ಇಷ್ಟು ವರ್ಷ ಪಾಠ ಹೇಳಿದರೂ ಮಾತು ನುಣುಪಾಗಲಿಲ್ಲ. ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಇತಿಹಾಸ ಬೇಕಂತೆ. 'ಅಂತರರಾಷ್ಟ್ರೀಯ ಮಟ್ಟದಲ್ಲಿ ನಮ್ಮ ಸಾಧನೆ' ಅಂತ ತಲೆಬರಹವನ್ನೂ ಅವರೇ ಹಾಕಿಟ್ಟಿದ್ದರು. "ಏನ್ರೀ ಸಾಧನೆ? ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ನಾವು ಬೆಂಗಳೂರೇ ದಾಟಿಲ್ಲ" ಅಂದೆ. "ಅದನ್ನೇ ಸ್ವಲ್ಪ ಚೆನ್ನಾಗಿ ಬರೀರಿ ಸಾರ್" ಅಂದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲೋಕದ ಅಷ್ಟೂ ದೇಶದ ವಿಶ್ವವಿದ್ಯಾಲಯದ ಮಕ್ಕಳು ಬರೆಯುವ ಸ್ಪರ್ಧೆ ಇದು. ತಂಡಕ್ಕೆ ಮೂರು ಜನ, ಮೂವರಿಗೂ ಸೇರಿ ಒಂದೇ ಕಂಪ್ಯೂಟರ್, ಐದು ಗಂಟೆ ಹೊತ್ತು, ಹತ್ತೋ ಹನ್ನೆರಡೋ ಲೆಕ್ಕ. ಲೆಕ್ಕ ಅಂದರೆ ಕೂಡಿ ಕಳೆಯೋದಲ್ಲ. ಇಷ್ಟು ಊರನ್ನು ಮುಟ್ಟಿ ಬರೋಕೆ ಹತ್ತಿರದ ದಾರಿ ಯಾವುದು, ಇಷ್ಟು ಗದ್ದೆಗೆ ಯಾವ ಸರದಿಯಲ್ಲಿ ನೀರು ಬಿಟ್ಟರೆ ಬೇಗ ಮುಗಿಯುತ್ತೆ, ಇಂಥವು. ಉತ್ತರ ಕಂಡುಹಿಡಿಯೋ ಪ್ರೋಗ್ರಾಮು ಬರೆದು ಕಳಿಸಬೇಕು. ತೀರ್ಪು ಕೊಡೋ ಯಂತ್ರ ತನ್ನ ಹತ್ತಿರ ಬಚ್ಚಿಟ್ಟುಕೊಂಡಿರೋ ಅಂಕಿಗಳನ್ನು ಅದಕ್ಕೆ ಕೊಟ್ಟು ನೋಡುತ್ತೆ. ಎಲ್ಲ ಸರಿ ಬಂದರೆ ಸರಿ. ಒಂದು ತಪ್ಪಿದರೂ 'ತಪ್ಪು' ಅಂತ ಒಂದೇ ಮಾತು, ಎಲ್ಲಿ ತಪ್ಪಿತು ಅಂತ ಮಾತ್ರ ಬಾಯಿ ಬಿಡಲ್ಲ. ಒಂದು ಲೆಕ್ಕ ಗೆದ್ದರೆ ಒಂದು ಬಲೂನು ತಂದು ನಿಮ್ಮ ಮೇಜಿಗೆ ಕಟ್ಟುತ್ತಾರೆ. ಅಷ್ಟು ದೊಡ್ಡ ಸ್ಪರ್ಧೆಯಲ್ಲಿ ಗೆದ್ದವರಿಗೆ ಸಿಗೋದು ಬಲೂನು ಅಂತ ನಮ್ಮಪ್ಪ ಕೊನೇವರೆಗೂ ನಂಬಲಿಲ್ಲ.

ನಮಗೆ ಮೊದಲ ಬಲೂನು ಬಂದದ್ದು ಎರಡನೇ ವರ್ಷ. ಕೆಂಪು ಬಣ್ಣದ್ದು. ಅದನ್ನು ಕೂಸಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಬಸ್ಸಲ್ಲಿ ಬರುವಾಗ ರಾಮನಗರದ ಹತ್ತಿರ ಠಪ್ ಅಂತ ಒಡೆಯಿತು, ಮುಂದಿನ ಸೀಟಿನ ಹೆಂಗಸು ನಮ್ಮ ವಂಶವನ್ನೆಲ್ಲ ಎತ್ತಿ ಬೈದರು. ಆಮೇಲೆ ಒಂದು ವರ್ಷ ಎರಡು, ಒಂದು ವರ್ಷ ಮೂರು, ಮತ್ತೆ ಒಂದು. ರೋಗದ ಕಾಲದಲ್ಲಿ ಎಲ್ಲರೂ ಮನೆಯಿಂದಲೇ ಬರೆದಾಗ ನಮ್ಮ ಒಬ್ಬ ಹುಡುಗ ನೆಟ್‌ವರ್ಕ್ ಸಿಗಲಿ ಅಂತ ಊರಿನ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಐದು ಗಂಟೆ ಕೂತಿದ್ದ. ಆ ವರ್ಷ ಬಲೂನೂ ಇಲ್ಲ, ಪರದೆ ಮೇಲೆ ಅದರ ಚಿತ್ರ ಅಷ್ಟೆ.

ಇನ್ನು ಮೊದಲ ವರ್ಷ. ಮೊದಲ ವರ್ಷ ನಮ್ಮದು ಸೊನ್ನೆ. ಆ ತಂಡದಲ್ಲಿ ನಾನಿದ್ದೆ.

"ಎರಡನೇ ವರ್ಷದಿಂದ ಶುರು ಮಾಡಿ ಸಾರ್, ಸೊನ್ನೆ ಯಾಕೆ" ಅಂದರು ಸಂಚಿಕೆಯವರು. ನನಗೂ ಅದೇ ಬೇಕಾಗಿತ್ತು, ಹೂಂ ಅಂದುಬಿಟ್ಟೆ.

ಆಗ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಆರು ಕಂಪ್ಯೂಟರ್, ಅದರಲ್ಲಿ ಎರಡು ಸದಾ ಮಲಗಿರೋವು. ಕರೆಂಟು ಬಂದಾಗ ಬಂತು, ಹೋದಾಗ ಹೋಯ್ತು. ನಾವು ಮೂವರು. ನಾನು, ಗೆಜ್ಜಲಗೆರೆಯ ಒಬ್ಬ ಹುಡುಗ, ಕಿರುಗಾವಲಿನ ಒಂದು ಹುಡುಗಿ. ಕಂಪ್ಯೂಟರ್ ಸಿಗದ ಹೊತ್ತಲ್ಲಿ ನಾವು ಪ್ರೋಗ್ರಾಮನ್ನು ಕೈಯಲ್ಲೇ ಓಡಿಸುತ್ತಿದ್ದೆವು. ಪ್ರೋಗ್ರಾಮಿನಲ್ಲಿ ಅಂಕಿ ಕೂಡಿಡೋ ಜಾಗ ಇರುತ್ತಲ್ಲ, ಅದಕ್ಕೊಂದು ಸ್ಟೀಲ್ ಬಟ್ಟಲು, ಅಂಕಿಗೆ ಹುಣಸೆ ಬೀಜ. ಒಬ್ಬರು ಸಾಲು ಸಾಲಾಗಿ ಓದೋದು, ಇನ್ನೊಬ್ಬರು ಅದರಂತೆ ಬಟ್ಟಲಿಗೆ ಬೀಜ ಹಾಕೋದು, ತೆಗೆಯೋದು. ನೋಡಿದವರು ಏನೋ ಆಟ ಆಡ್ತಾವೆ ಅಂದುಕೊಳ್ಳಬೇಕು. ಆದರೆ ಒಳಗೆ ಯಂತ್ರ ಏನು ಮಾಡುತ್ತೆ ಅಂತ ನನಗೆ ಅರ್ಥವಾದದ್ದು ಆ ಬೀಜದಿಂದಲೇ.

ಕಂಪ್ಯೂಟರ್ ಸಿಕ್ಕಾಗ ಸಿಗುತ್ತಿದ್ದದ್ದು ಅರ್ಧ ಗಂಟೆ. ಅಷ್ಟರಲ್ಲಿ ಜಗಳ ಆಡುತ್ತಾ ಕೂತರೆ ಆಯಿತಾ? ಅದಕ್ಕೆ ಒಂದು ಕಟ್ಟು ಮಾಡಿಕೊಂಡಿದ್ದೆವು. ಪ್ರೋಗ್ರಾಮು ಬರೆಯೋನು ನಾನು, ಬೀಜ ಹಾಕಿ ನೋಡೋನು ಗೆಜ್ಜಲಗೆರೆಯವನು, ಟೈಪ್ ಮಾಡೋಳು ಅವಳು. ಮಳವಳ್ಳಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಕಲಿತು ಬಂದಿದ್ದಳು, ಕೀಲಿ ನೋಡದೆ ಪಟಪಟ ಒತ್ತೋಳು. ಬರೆದದ್ದನ್ನು ಬರೆದ ಹಾಗೇ ಒತ್ತಬೇಕು, ಕೀಬೋರ್ಡಿನ ಮುಂದೆ ಕೂತ ಮೇಲೆ ಎದುರು ಮಾತಿಲ್ಲ. ಈ ಕಟ್ಟು ಮಾಡಿದ ಮಹಾನುಭಾವ ನಾನೇ.

ಬೆಂಗಳೂರಿನಲ್ಲಿ ನಡೆದ ಸುತ್ತಿಗೆ ಹೋದೆವು. ಎಲ್ಲಕ್ಕಿಂತ ಸುಲಭದ ಲೆಕ್ಕ ಕೆರೆಗಳದ್ದು. ಕೆರೆಗೆ ಎಷ್ಟು ಕಡೆಯಿಂದ ಎಷ್ಟೆಷ್ಟು ನೀರು ಬರುತ್ತೆ ಅಂತ ಕೊಡುತ್ತಾರೆ, ಒಟ್ಟು ಹೇಳಬೇಕು, ಜೊತೆಗೆ ಒಂದೆರಡು ತಿರುವು. ನಾನು ಬರೆದೆ. ಗೆಜ್ಜಲಗೆರೆಯವನು ಬೀಜ ಹಾಕಿ ಸರಿ ಅಂದ. ಅವಳು ಒತ್ತಿದಳು. ಅವರು ಕೊಟ್ಟಿದ್ದ ಮಾದರಿಗೆ ಸರಿಯಾದ ಉತ್ತರವೇ ಬಂತು. ಕಳಿಸಿದೆವು. ತಪ್ಪು.

"ಟೈಪಿಂಗಲ್ಲಿ ಏನೋ ಆಗದೆ" ಅಂದ ಗೆಜ್ಜಲಗೆರೆಯವನು. ಅವಳು ಎಲ್ಲ ಅಳಿಸಿ ಮತ್ತೆ ಒತ್ತಿದಳು. ತಪ್ಪು. ಮತ್ತೆ ಒತ್ತಿದಳು. ಅಕ್ಕಪಕ್ಕದ ಮೇಜಿನಲ್ಲೆಲ್ಲ ಬಲೂನು ಏಳುತ್ತಾ ಇದ್ದವು, ಹಳದಿ, ನೀಲಿ, ಹಸಿರು. ನನಗೆ ತಲೆ ಕೆಟ್ಟುಹೋಯಿತು. ಬಿಟ್ಟು ಬೇರೆ ಲೆಕ್ಕ ನೋಡೋಣ ಅನ್ನೋ ಬುದ್ಧಿಯೂ ಬರಲಿಲ್ಲ, ಹಿಡಿದ ಹಟ ಬಿಡದೆ ಐದು ಗಂಟೆಯೂ ಅದನ್ನೇ ಕಚ್ಚಿಕೊಂಡು ಕೂತೆವು. ಏಳು ಸಲ ಕಳಿಸಿದೆವು, ಏಳು ಸಲವೂ ತಪ್ಪು.

ಹೊರಗೆ ಬಂದಾಗ ನಮ್ಮನ್ನು ಕರೆದುಕೊಂಡು ಹೋಗಿದ್ದ ಮೇಷ್ಟ್ರು "ಏನಾಯ್ತ್ರೋ?" ಅಂದರು. "ಟೈಪಿಂಗ್ ತಪ್ಪು ಸಾರ್" ಅಂದೆ. ಅವಳು ಅಲ್ಲೇ, ನನ್ನ ಪಕ್ಕದಲ್ಲೇ ನಿಂತಿದ್ದಳು.

ವಾಪಸ್ಸು ಬರುವಾಗ ಬಸ್ಸು ಮದ್ದೂರಿನಲ್ಲಿ ನಿಂತಿತು. ನಾವಿಬ್ಬರು ಹುಡುಗರು ಇಳಿದು ಟೀ ಕುಡಿದು ಬಂದೆವು. ನೋಡಿದರೆ ಅವಳ ಸೀಟು ಖಾಲಿ. ಮದ್ದೂರಿಂದಲೇ ಮಳವಳ್ಳಿ ಬಸ್ಸು ಸಿಗುತ್ತಲ್ಲ, ಅಲ್ಲಿಂದ ಕಿರುಗಾವಲಿಗೆ ಹೋಗಿರುತ್ತಾಳೆ ಅಂದುಕೊಂಡೆವು. ಒಂದು ಮಾತು ಹೇಳದೆ ಹೋದಳಲ್ಲ, ಎಷ್ಟು ಸೊಕ್ಕು ಅಂತ ಬೈದುಕೊಂಡೆವು ಕೂಡ. ಮುಂದೆ ಪರೀಕ್ಷೆ ಬರೆದಳು, ಡಿಗ್ರಿ ಮುಗಿಸಿದಳು, ಲ್ಯಾಬಿನ ಆಟದ ಕಡೆ ಮಾತ್ರ ಇನ್ನೊಂದು ಸಲ ಬರಲಿಲ್ಲ.

ನಾನು ಅಲ್ಲೇ ಮೇಷ್ಟ್ರಾದೆ. ತಂಡ ಕಟ್ಟೋ ಕೆಲಸ ನನ್ನ ಕೊರಳಿಗೇ ಬಿತ್ತು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಮೊದಲ ದಿನವೇ ಈ ಕತೆ ಹೇಳುತ್ತಿದ್ದೆ. ಒಂದು ಹುಡುಗಿ ಒಂದಕ್ಷರ ತಪ್ಪು ಒತ್ತಿದಳು, ಏಳು ಸಲ ಒತ್ತಿದರೂ ಅದೇ ತಪ್ಪು, ಇಡೀ ತಂಡಕ್ಕೆ ಸೊನ್ನೆ. ನೀವು ಕಣ್ಣು ಬಿಟ್ಕೊಂಡು ಒತ್ರಪ್ಪ! ಕೀಬೋರ್ಡು ಕುಟ್ಟೋ ಹಾಗೆ ಕೈಯಾಡಿಸಿ ತೋರಿಸುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗೋರು. ಇಪ್ಪತ್ತು ವರ್ಷ ಹೀಗೆ ನಗಿಸಿದ್ದೇನೆ.

ಈ ವರ್ಷ ಎರಡನೇ ವರ್ಷದ ಕ್ಲಾಸಿಂದ ಒಂದು ಹುಡುಗಿ ಬಂದಳು. ಅಂಥ ತಲೆ ನಾನು ನೋಡಿರಲಿಲ್ಲ. ನಾನು ಲೆಕ್ಕ ಓದಿ ಮುಗಿಸೋದರೊಳಗೆ ದಾರಿ ಹೇಳೋಳು, ಕೈ ಅಂತೂ ಕೀಬೋರ್ಡಿನ ಮೇಲೆ ನೀರು ಹರಿದ ಹಾಗೆ. ಕಿರುಗಾವಲಿಂದ ದಿನಾ ಬಸ್ಸಲ್ಲಿ ಓಡಾಡುತ್ತೀನಿ ಅಂದಾಗ ಒಂದು ಕ್ಷಣ ಎದೆ ಧಸಕ್ ಅಂದಿತ್ತು, ಆದರೆ ಯಾರ ಮನೆಯವಳವ್ವ ಅಂತ ಕೇಳಲಿಲ್ಲ. ಅವಳ ಜೊತೆಗೆ ಇನ್ನೊಂದು ಹುಡುಗಿ, ಒಬ್ಬ ಹುಡುಗ. ಈ ಸಲ ಮುಂದಿನ ಸುತ್ತಿಗೆ ಹೋದೇ ಹೋಗ್ತೀವಿ ಅಂತ ಕಂಡಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ. ಪದ್ಧತಿಯಂತೆ ಆ ಕತೆಯನ್ನೂ ಹೇಳಿದೆ.

ಸೋಮವಾರ ಬೆಳಿಗ್ಗೆ ಅವಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೂತ್ಕೋ ಅಂದರೆ ಕೂರಲಿಲ್ಲ.

"ಸಾರ್, ನೀವು ಹೇಳಿದ ಕತೇನ ನಾನು ಮನೇಲಿ ಹೇಳ್ದೆ. ನಿಮ್ಮಂಗೇ ಕೈಯಾಡಿಸಿ ಹೇಳ್ದೆ. ನಮ್ಮಪ್ಪ ನಕ್ಕರು. ನಮ್ಮವ್ವ ಮುದ್ದೆ ತಿರುವ್ತಿದ್ದೋರು ನಿಲ್ಸಿ, ಆ ಹುಡುಗಿ ನಾನೇ ಕಣವ್ವ ಅಂದ್ರು."

ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟೆ.

"ಇನ್ನೇನೂ ಹೇಳ್ಲಿಲ್ಲ ಸಾರ್. ನಾನು ನಮ್ಮವ್ವನ್ನ ನೋಡ್ಕೊಂಡು ನಕ್ಕಿದೀನಿ. ನಿಮ್ಮ ತಂಡದಲ್ಲಿ ನಾನಿರಕಿಲ್ಲ."

ಹೆಸರು ಕಳಿಸೋಕೆ ಶನಿವಾರ ಕೊನೆ ದಿನ. ಅವಳಿಲ್ಲದಿದ್ದರೆ ಆ ತಂಡವೇ ಇಲ್ಲ. ಆಗ ನಾನೇನು ಮಾಡಬೇಕಿತ್ತು? ಮಗು, ಕ್ಷಮಿಸು ಅನ್ನಬೇಕಿತ್ತು. ಹಾಳು ಕೋಪ ನೋಡಿ, "ತಪ್ಪು ಮಾಡಿದ್ದನ್ನ ತಪ್ಪು ಅನ್ದೆ ಇನ್ನೇನನ್ಲಿ? ಹೋಗವ್ವ, ಹೋಗು" ಅಂದೆ. ಹೋದಳು.

ಹೋದ ಮೇಲೆ ಇನ್ನೂ ಕೆರಳಿತು. ಆ ಟೈಪಿಂಗ್ ತಪ್ಪನ್ನು ಹುಡುಕಿ, ಗೆರೆ ಎಳೆದು, ಆ ಹುಡುಗಿ ಮುಂದೆ ಹಿಡೀತೀನಿ ಅಂತ ಬೀರು ತೆಗೆದೆ. ಇತಿಹಾಸ ಬರೆಯೋಕೆ ಅಂತ ಹಳೇ ಫೈಲೆಲ್ಲ ಆಗಲೇ ಹೊರಗೆ ಬಂದಿದ್ದವು. ಮೊದಲ ವರ್ಷದ ಫೈಲಿನಲ್ಲಿ ಎರಡು ಹಾಳೆ ಪಿನ್ನು ಹೊಡೆದು ಹಾಗೇ ಇದ್ದವು, ಪಿನ್ನು ತುಕ್ಕು ಹಿಡಿದಿತ್ತು. ಒಂದು ನನ್ನ ಕೈಬರಹ, ಇನ್ನೊಂದು ಅವಳು ಒತ್ತಿದ್ದರ ಪ್ರಿಂಟು. ಸ್ಪರ್ಧೆ ನಡೆಯುವಾಗಲೇ ಕೇಳಿ ತೆಗೆಸಿಕೊಂಡಿದ್ದೆವು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದ್ದೆನಾ? ಇಲ್ಲ.

ಅವತ್ತು ಇಟ್ಟು ನೋಡಿದೆ. ಬೆರಳಿಟ್ಟುಕೊಂಡು ಸಾಲು ಸಾಲು, ಅಕ್ಷರ ಅಕ್ಷರ. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ. ನಾನು ಬರೆದದ್ದನ್ನು ಬರೆದ ಹಾಗೇ ಒತ್ತಿದ್ದಳು.

ಹಾಗಾದರೆ? ಕ್ಯಾಂಟೀನಿಗೆ ಹೋಗಿ ಹುಣಸೆ ಬೀಜ ಕೇಳಿ ತಂದೆ. ಅಡುಗೆಯಮ್ಮ ಯಾಕೆ ಸಾರ್ ಅಂದರು, ಸುಮ್ನಿರಮ್ಮ ಅಂದೆ. ಮೇಜಿನ ಮೇಲೆ ಬಟ್ಟಲಿಟ್ಟು ಒಬ್ಬನೇ ಓದಿಕೊಂಡು ಒಬ್ಬನೇ ಬೀಜ ಹಾಕಿದೆ. ಮೊದಲ ಕೆರೆಗೆ ಉತ್ತರ ಸರಿ. ಅವತ್ತು ನಮಗೆ ಕೊಟ್ಟಿದ್ದ ಮಾದರಿಯಲ್ಲಿ ಇದ್ದದ್ದೂ ಒಂದೇ ಕೆರೆ. ಯಂತ್ರ ಬಚ್ಚಿಟ್ಟುಕೊಂಡಿದ್ದ ಅಂಕಿಗಳಲ್ಲಿ ಒಂದಾದ ಮೇಲೊಂದು ಎಷ್ಟು ಕೆರೆ ಇದ್ದವೋ. ಎರಡನೇ ಕೆರೆಗೆ ಬಂದೆ. ಮೊದಲ ಕೆರೆಯ ಬೀಜ ಬಟ್ಟಲಲ್ಲೇ ಇವೆ! ಬಟ್ಟಲು ಖಾಲಿ ಮಾಡು ಅನ್ನೋ ಸಾಲನ್ನು ನಾನು ಬರೆದೇ ಇರಲಿಲ್ಲ. ಮೊದಲ ಗಾಡಿಯ ಕಬ್ಬು ಇಳಿಸದೆ ಎರಡನೇ ಗಾಡಿಯದನ್ನೂ ಅದರ ಮೇಲೇ ಹೇರಿ ತೂಗಿದ ಹಾಗೆ.

ಆ ಸಾಲು ಇರಬೇಕಾಗಿದ್ದ ಜಾಗದಲ್ಲಿ, ನನ್ನ ಹಾಳೆಯ ಅಂಚಿನಲ್ಲಿ, ಪೆನ್ಸಿಲಿನ ಒಂದು ಸಣ್ಣ ಸುತ್ತು ಇತ್ತು. ನಾನು ಹಾಕಿದ್ದಲ್ಲ, ನಾನು ಪೆನ್ಸಿಲು ಮುಟ್ಟೋನೇ ಅಲ್ಲ. ಅದನ್ನು ನೋಡುತ್ತಾ ಕೂತೆ, ಅವಳ ದನಿ ಕಿವಿಗೆ ಬಂತು. ಮೂರನೇ ಸಲ ಒತ್ತುವಾಗ ಕೈ ನಿಲ್ಲಿಸಿ ಹೇಳಿದ್ದಳು. "ಇಲ್ಲಿ ಬಟ್ಲು ಖಾಲಿ ಮಾಡ್ಬೇಕಲ್ವೇನ್ಲಾ?" ನಾನು ಏನಂದೆ ಅನ್ನೋದೂ ನೆನಪಾಯಿತು. "ನಿನ್ ಕೆಲ್ಸ ಟೈಪ್ ಮಾಡೋದು ಕಣಮ್ಮಿ, ಟೈಪ್ ಮಾಡು."

ನಾನು ಅಳೋನಲ್ಲ. ಅವತ್ತು ಬಾಗಿಲು ಹಾಕಿಕೊಂಡು ಅತ್ತೆ. ಇಪ್ಪತ್ತು ವರ್ಷ ಬಂದ ಮಕ್ಕಳನ್ನೆಲ್ಲ ಅವಳ ಮೇಲೆ ನಗಿಸಿದ್ದೆನಲ್ಲ, ಆ ನಗುವೆಲ್ಲ ಒಟ್ಟಿಗೆ ಕೇಳಿಸಿದ ಹಾಗಾಯಿತು.

ಶುಕ್ರವಾರ ರಜೆ ಹಾಕಿ ಮಳವಳ್ಳಿಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ಕಿರುಗಾವಲಿನಲ್ಲಿ ಇಳಿದೆ. ಅವಳದ್ದು ಊರಲ್ಲೇ ಸಂಬಂಧ, ಸೋದರತ್ತೆ ಮಗನನ್ನೇ ಮದುವೆಯಾಗಿದ್ದಾಳೆ. ಬಸ್ಸು ನಿಲ್ಲೋ ಕಡೆಯೇ ಅವಳ ಅಂಗಡಿ, ಜೆರಾಕ್ಸು, ಆನ್‌ಲೈನ್ ಅರ್ಜಿ. ಒಂದು ಕಂಪ್ಯೂಟರು, ಮುಂದೆ ಬೆಂಚಿನ ಮೇಲೆ ನಾಲ್ಕು ಜನ. ಕೂದಲು ಅಲ್ಲಲ್ಲಿ ನೆರೆತಿತ್ತು, ಕೈ ಮಾತ್ರ ಅದೇ ಕೈ. ನನ್ನನ್ನು ನೋಡಿ ಗುರುತು ಹಿಡಿದಳು. ಬೆಂಚಿನ ಕಡೆ ತಲೆಯಾಡಿಸಿ ಕೂರು ಅನ್ನೋ ಸನ್ನೆ ಮಾಡಿದಳು. ಐದನೆಯವನಾಗಿ ಕೂತೆ.

ಒಬ್ಬ ಮುದುಕಪ್ಪ ಪಿಂಚಣಿ ಅರ್ಜಿ ಮಾಡಿಸುತ್ತಿದ್ದರು. ಯಾರೋ ಬರೆದುಕೊಟ್ಟಿದ್ದ ಚೀಟಿ ನೋಡಿ ಒತ್ತುತ್ತಿದ್ದವಳು ನಿಲ್ಲಿಸಿದಳು. "ತಾತ, ಈ ಚೀಟೀಲಿ ನಿಮ್ಮ ತಂದೆ ಹೆಸರು ಒಂಥರಾ ಅದೆ, ಆಧಾರಲ್ಲಿ ಇನ್ನೊಂಥರಾ ಅದೆ. ಯಾವುದು ಸರಿ?"

"ಅದ್ರಲ್ಲಿರಂಗೇ ಒತ್ಬುಡವ್ವ, ನಮ್ ಮೇಷ್ಟ್ರೇ ಬರ್ಕೊಟ್ಟವ್ರೆ" ಅಂದರು ತಾತ.

"ಮೇಷ್ಟ್ರು ಬರೆದವ್ರೆ ಅಂತ ಒತ್ಬುಟ್ರೆ ನಾಳೆ ಅಲೆಯೋರು ನೀವು. ಕೇಳ್ದೆ ಒತ್ತೋಳಲ್ಲ ನಾನು" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಎಲ್ಲರೂ ಹೋದ ಮೇಲೆ ಎರಡು ಹಾಳೆಯನ್ನೂ ಅವಳ ಮುಂದಿಟ್ಟೆ. ಬಸ್ಸಲ್ಲಿ ಕೂತು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ನೋಡಿ, ನೀವು ಒತ್ತಿದ್ರಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ನಂದು. ನೀವು ಕೇಳಿದ್ರಿ, ನಾನು..."

"ಏನ್ಲಾ ಇದು, ನೀವು ಗೀವು ಅಂತೀಯ? ಮೇಷ್ಟ್ರಾದ ಮೇಲೆ ನಾಲಿಗೆ ಬದಲಾಯ್ತಾ?" ಅಂದಳು. ಹಾಳೆ ಕೈಗೆತ್ತಿಕೊಂಡು ಪೆನ್ಸಿಲಿನ ಸುತ್ತಿನ ಮೇಲೆ ಬೆರಳಿಟ್ಟಳು. "ಇದನ್ನ ಇನ್ನೂ ಮಡಗಿದ್ದೀಯಾ?"

"ಮಡಗಿದ್ದೆ, ನೋಡಿರಲಿಲ್ಲ. ತಪ್ಪಾಯ್ತು ಕಣಮ್ಮಿ. ಇಷ್ಟು ವರ್ಷ ಊರ ಮಕ್ಕಳ ಮುಂದೆಲ್ಲ ನಿನ್ನ ಮರ್ಯಾದೆ ಕಳೆದೆ."

ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಹೊರಗೆ ಮೈಸೂರು ಕಡೆ ಹೋಗೋ ಬಸ್ಸೊಂದು ನಿಂತು ಹೋಯಿತು.

"ತಪ್ಪು ನಿಂದು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣ್ಲಾ. ಅದಲ್ಲ ನಂಗೆ ನೋವಾಗಿದ್ದು. ತಪ್ಪು ಯಾರು ಮಾಡಕಿಲ್ಲ? ನೀವಿಬ್ರೂ ಮದ್ದೂರಲ್ಲಿ ಇಳಿದ್ರಲ್ಲ, ಟೀ ಕುಡಿಯಾಕೆ. ನನ್ನ ಕರೀಲಿಲ್ಲ. ದಿನಾ ಮೂರು ಟೀ ಹೇಳೋರು ಅವತ್ತು ಎರಡು ಹೇಳಿದ್ರಿ. ನಾನು ಹಿಂದ್ಗಡೆ ಬಾಗಿಲಲ್ಲಿ ಇಳಿದು ಈ ಕಡೆ ಮಳವಳ್ಳಿ ಬಸ್ಸಿನ ತಾವ ನಿಂತ್ಕಂಡೆ. ಈಗ ತಿರುಗ್ತಾರೆ, ಈಗ ಬಾಮ್ಮಿ ಅಂತಾರೆ ಅಂತ ನೋಡ್ತಾ ಇದ್ದೆ. ಬಂದಿದ್ದ ಒಂದು ಬಸ್ಸನ್ನೂ ಬುಟ್ಟೆ. ನೀವು ಲೋಟ ಮಡಗಿ ಬಸ್ಸು ಹತ್ಕಂಡು ಹೋದ್ರಿ."

ದನಿ ಏರಿಸದೆ, ತಾತನ ಅರ್ಜಿ ಓದಿದ ಹಾಗೇ ಓದಿ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಇಪ್ಪತ್ತು ವರ್ಷ ಸೊಕ್ಕು ಅಂದುಕೊಂಡಿದ್ದು ಇದನ್ನು.

"ಈಗ ಏನ್ ಮಾಡ್ಲಿ ಹೇಳು" ಅಂದೆ.

"ನನ್ ಮಗಳು ಹಟಮಾರಿ, ನಾನು ಹೇಳಿದ್ರೆ ಕೇಳಾಕಿಲ್ಲ. ಅವಳು ಆಡ್ಬೇಕು ಕಣ್ಲಾ. ನಾನಂತೂ ಒಂದೇ ದಿನ ಆಡಿದ್ದು. ಎಲ್ಲರ ಮುಂದೆ ಕೈಯಾಡಿಸಿ ಹೇಳಿದ್ಯಲ್ಲ ಆ ಕತೆಯ, ಎಲ್ಲರ ಮುಂದೇನೇ ತಿದ್ದಿ ಹೇಳು. ಆಮೇಲೆ ಅವಳಿಷ್ಟ."

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಎಲ್ಲ ಮಕ್ಕಳನ್ನೂ ಕರೆದೆ. ತಂಡ ಬಿಟ್ಟವಳೂ ಬಂದು ಹಿಂದಿನ ಬೆಂಚಿನಲ್ಲಿ ಕೂತಳು, ಅವ್ವ ಕಳಿಸಿರಬೇಕು. ಬಟ್ಟಲು, ಬೀಜ ಇಟ್ಟುಕೊಂಡು ಮೊದಲಿಂದ ಹೇಳಿದೆ. ಎರಡನೇ ಕೆರೆಗೆ ಬಂದಾಗ ಬಟ್ಟಲಲ್ಲಿ ಹಳೇ ಬೀಜ ಉಳಿದದ್ದನ್ನು ಕಂಡು ಮಕ್ಕಳೇ ಅಯ್ಯೋ ಅಂದವು. "ಇದನ್ನ ಬರೆದೋನು ನಾನು. ಇಲ್ಲಿ ತಪ್ಪದೆ ಅಂತ ಹೇಳ್ದೋಳು ಅವಳು. ಬಾಯಿ ಮುಚ್ಚಿಸ್ದೋನೂ ನಾನೇ" ಅಂದೆ. ಈ ಸಲ ಯಾರೂ ನಗಲಿಲ್ಲ.

ಹಿಂದಿನ ಬೆಂಚಿಂದ ಅವಳು ಎದ್ದಳು. "ಸಾರ್, ಟೈಪ್ ಮಾಡೋರು ನಿಲ್ಸಿ ಅಂದ್ರೆ ಎಲ್ಲರೂ ನಿಲ್ಲಿಸ್ಬೇಕು. ಹಂಗಾದ್ರೆ ಇರ್ತೀನಿ."

"ನಾನು ಒತ್ತು ಅಂದ್ರೂ ಒತ್ತಬೇಡ ತಾಯಿ, ನೀನಂದ್ರೆ ನಿಲ್ಲಿಸೋಣ" ಅಂದೆ. ಮಧ್ಯಾಹ್ನ ಮೂರು ಹೆಸರೂ ಹೋದವು.

ಹೆಣ್ಣುಮಕ್ಕಳಿಬ್ಬರು ಇದ್ದದ್ದರಿಂದ ಜೊತೆಗೆ ಒಬ್ಬ ಹೆಂಗಸು ಬರಬೇಕು ಅನ್ನೋ ನಿಯಮ ನಮ್ಮಲ್ಲಿದೆ. ಯಾರನ್ನು ಕರೆದೆ ಅಂತ ಬೇರೆ ಹೇಳಬೇಕಿಲ್ಲ. ಅಂಗಡಿಗೆ ಬೀಗ ಹಾಕಿ, ಎಲ್ಲರಿಗೂ ಚಪಾತಿ ಎಣ್ಣೆಗಾಯಿ ಕಟ್ಟಿಕೊಂಡು ಬಂದಳು.

ಬೆಂಗಳೂರಿನಲ್ಲಿ ಸ್ಪರ್ಧೆಯ ಕೋಣೆಯೊಳಗೆ ನಮಗೆ ಪ್ರವೇಶವಿಲ್ಲ. ಗಾಜಿನ ಈಚೆ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಎರಡು ಬಲೂನು ಬೇಗನೇ ಬಂದವು. ಮೂರನೆಯದು ಬರಲಿಲ್ಲ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯಾಯಿತು. ನನಗೆ ಹಳೇ ಸಂಕಟ ಶುರುವಾಯಿತು, ಎದ್ದು ಓಡಾಡತೊಡಗಿದೆ. ಆಗ ಅವಳ ಮಗಳು ಎರಡೂ ಕೈಯನ್ನು ಕೀಬೋರ್ಡಿಂದ ಮೇಲೆತ್ತಿದಳು. ಜೊತೆಯ ಇಬ್ಬರೂ ಬರೆಯೋದನ್ನು ಬಿಟ್ಟು ಅವಳ ಕಡೆ ಬಗ್ಗಿದರು, ಮೂರು ತಲೆಯೂ ಒಂದೇ ಹಾಳೆಯ ಮೇಲೆ.

"ನಿಲ್ಸವ್ಳೆ ನೋಡ್ಲಾ" ಅಂದಳು ಇವಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಗಾಜಿನ ಕಡೆ ನೋಡುತ್ತಾ ನಿಂತೆ, ನನ್ನ ಕಣ್ಣನ್ನು ಅವಳು ನೋಡೋದು ಬೇಡ ಅಂತ.

ಹತ್ತು ನಿಮಿಷಕ್ಕೆ ಹಸಿರು ಬಲೂನು ಬಂತು. ಸಂಜೆ ಹೊತ್ತಿಗೆ ಐದು. ಇನ್ನೊಂದು ಬಂದಿದ್ದರೆ ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ಬರಲಿಲ್ಲ. ಇರಲಿ, ಇಷ್ಟು ವರ್ಷದಲ್ಲಿ ನಮಗೆ ಐದು ಬಂದಿರಲಿಲ್ಲ. ಮಕ್ಕಳು ಆಗಲೇ ಬರೋ ವರ್ಷದ ಮಾತು ಆಡುತ್ತಿದ್ದವು.

ವ್ಯಾನು ಹೊಸ ಹೆದ್ದಾರಿ ಹತ್ತಿತು. ಈ ಹೆದ್ದಾರಿ ಮದ್ದೂರನ್ನು ಮುಟ್ಟದೆ ಆಚೆಯಿಂದಲೇ ಹೋಗಿಬಿಡುತ್ತೆ. ಚನ್ನಪಟ್ಟಣ ಕಳೆದ ಮೇಲೆ ಡ್ರೈವರಿಗೆ ಮದ್ದೂರೊಳಕ್ಕೆ ತಿರುಗಿಸಪ್ಪ ಅಂದೆ. "ಮುಕ್ಕಾಲು ಗಂಟೆ ದಂಡ ಸಾರ್, ಟೀ ಬೇಕಾದ್ರೆ ಇಲ್ಲೇ ದಾರೀಲಿ ಸಿಗ್ತದೆ" ಅಂತ ಗೊಣಗಿದ. "ದಂಡ ನಾನು ಕಟ್ತೀನಿ, ತಿರುಗಿಸು" ಅಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೊಮ್ಮೆ ನೋಡಿದಳು. ನನ್ನ ತೊಡೆ ಮೇಲೆ ಸಂಚಿಕೆಗೆ ಕೊಡೋ ಎರಡು ಪುಟ ಇದ್ದವು. ಒತ್ತಿಕೊಟ್ಟವಳು ಅವಳೇ, ನಾಲ್ಕು ಕಡೆ ನಿಲ್ಲಿಸಿ ಕೇಳಿ ಒತ್ತಿದ್ದಳು. ಮೊದಲ ವರ್ಷದಿಂದಲೇ ಶುರುವಾಗುತ್ತೆ ಅದು, ಸೊನ್ನೆ ಯಾರಿಂದ ಬಂತು ಅನ್ನೋದರ ಸಮೇತ. ಸಂಚಿಕೆಯವರು ಬೇಡ ಅಂದರೆ ಎರಡೂ ಪುಟ ವಾಪಸ್ಸು ಕೊಡಿ ಅನ್ನುತ್ತೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಮುಂದೆ ಗೆಜ್ಜಲಗೆರೆಯವನು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ, ಪಾಳಿ ಮುಗಿಸಿ ಯೂನಿಫಾರಮ್ಮಿನಲ್ಲೇ ಬಂದಿದ್ದ. ಫೋನಿನಲ್ಲಿ ಅವನಿಗೆ ಎಲ್ಲ ಹೇಳಿದ್ದೆ. ಅವಳು ವ್ಯಾನಿಂದ ಇಳಿಯೋದನ್ನು ಕಂಡು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಮಕ್ಕಳು ವ್ಯಾನಿನಲ್ಲೇ ನಿದ್ದೆ ಹೋಗಿದ್ದವು. ನಾನು ಅಂಗಡಿಯವನ ಕಡೆ ತಿರುಗಿ "ಮೂರು ಟೀ" ಅಂದೆ. ರಸ್ತೆಯಾಚೆ ಮಳವಳ್ಳಿ ಬಸ್ಸೊಂದು ಜನ ತುಂಬಿಸಿಕೊಳ್ಳುತ್ತಾ ನಿಂತಿತ್ತು. ಅವಳು ಅದರ ಕಡೆ ಒಂದು ಸಲ ನೋಡಿದಳು, ಲೋಟ ತೆಗೆದುಕೊಂಡಳು, ಎರಡು ಗುಟುಕು ಕುಡಿದಳು. ನಾವಿಬ್ಬರೂ ಲೋಟ ಹಿಡಿದುಕೊಂಡು ಸುಮ್ಮನೆ ಅವಳನ್ನೇ ನೋಡುತ್ತಾ ನಿಂತಿದ್ದೆವು.

"ಆರೋಯ್ತದೆ, ಕುಡೀರ್ಲಾ" ಅಂದಳು.